‘ಅಸಾಯ್ಲ್’ ಎಂದರೆ ಬರಿಯ ಕ್ಷಮೆಯೇ?

ಇಂಗ್ಲಿಷಿನ ಹಳೆಯ ಕಾವ್ಯವನ್ನು ಓದತೊಡಗಿದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಅಸಾಯ್ಲ್’ ಎಂಬ ಪದಕ್ಕೆ ನಿಘಂಟಿನಲ್ಲಿ ‘ಕ್ಷಮಿಸು’ ಎಂದಿದೆ, ಆದರೆ ಪದದೊಳಗೆ ಮಣ್ಣು, ಕೊಳೆ ಎಂಬರ್ಥದ ‘ಸಾಯ್ಲ್’ ಇದ್ದಂತಿದೆಯಲ್ಲ, ಕ್ಷಮೆ ಎಲ್ಲಿಂದ ಬಂತು? ‘ಫರ್ಗಿವ್’, ‘ಪಾರ್ಡನ್’ ಎಂಬ ಪದಗಳಿರುವಾಗ ಇನ್ನೊಂದು ಏಕೆ ಬೇಕಾಯಿತು?

ಮಣ್ಣಿಗೂ ಈ ಪದಕ್ಕೂ ಯಾವ ಸಂಬಂಧವೂ ಇಲ್ಲ. ಅದು ಉಚ್ಚಾರಣೆಯ ಆಕಸ್ಮಿಕ ಹೋಲಿಕೆ ಮಾತ್ರ. ‘ಅಸಾಯ್ಲ್’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು, ಅದರ ಬೇರು ಲ್ಯಾಟಿನ್ನಿನ ‘ಅಬ್ಸಾಲ್ವೆರೆ’. ‘ಸಾಲ್ವೆರೆ’ ಎಂದರೆ ಬಿಚ್ಚುವುದು, ಸಡಿಲಿಸುವುದು. ಇಂದಿಗೂ ಬಳಕೆಯಲ್ಲಿರುವ ‘ಅಬ್ಸಾಲ್ವ್’ ಅದೇ ಬೇರಿನಿಂದ ನೇರವಾಗಿ ಬಂದ ಪದವಾದ್ದರಿಂದ, ಇವೆರಡೂ ಬೇರೆ ಬೇರೆ ದಾರಿಯಲ್ಲಿ ಇಂಗ್ಲಿಷನ್ನು ಸೇರಿದ ಒಡಹುಟ್ಟುಗಳು. ಲೆಕ್ಕ ಬಿಡಿಸುವ ‘ಸಾಲ್ವ್’ ಕೂಡ ಇದೇ ಕುಟುಂಬದ್ದು, ಒಂದು ಕಾಲದಲ್ಲಿ ಸಂಶಯ ಪರಿಹರಿಸುವುದನ್ನೂ ‘ಅಸಾಯ್ಲ್’ ಎನ್ನುತ್ತಿದ್ದರು. ಗಂಟನ್ನೂ ಲೆಕ್ಕವನ್ನೂ ಒಂದೇ ಕ್ರಿಯಾಪದದಿಂದ ‘ಬಿಡಿಸುವ’, ಪಾಪಕ್ಕೂ ಸಮಸ್ಯೆಗೂ ‘ಪರಿಹಾರ’ ಎಂದೇ ಹೇಳುವ ನಮಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರವೂ ಈ ಬೇರಿನಲ್ಲೇ ಇದೆ. ‘ಫರ್ಗಿವ್’ ಮತ್ತು ‘ಪಾರ್ಡನ್’ ಎರಡರಲ್ಲೂ ಇರುವುದು ಕೊಡುವ ಭಾವ. ನೊಂದವನು ತನ್ನ ಮನಸ್ಸಿನಿಂದ ಕೊಡುವ ಕ್ಷಮೆ ಅದರಲ್ಲಿ ಅಡಕವಾಗಬಲ್ಲದು. ‘ಅಸಾಯ್ಲ್’ನಲ್ಲಿ ಇರುವುದು ಕಟ್ಟು ಬಿಚ್ಚುವ ಭಾವ, ಆ ಕಟ್ಟನ್ನು ಬಿಚ್ಚಲು ಅಧಿಕಾರ ಬೇಕು. ಭೂಮಿಯ ಮೇಲೆ ನೀನು ಕಟ್ಟಿದ್ದು ಪರಲೋಕದಲ್ಲಿಯೂ ಕಟ್ಟಿರುವುದು, ಬಿಚ್ಚಿದ್ದು ಅಲ್ಲಿಯೂ ಬಿಚ್ಚಿರುವುದು ಎಂದು ಯೇಸು ಪೇತ್ರನಿಗೆ ಹೇಳಿದ ಮಾತು ಮತ್ತಾಯನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿದೆ. ಪಾಪನಿವೇದನೆ ಕೇಳಿದ ಪಾದ್ರಿ ‘ಎಗೊ ತೆ ಅಬ್ಸಾಲ್ವೊ’, ಅಂದರೆ ‘ನಾನು ನಿನ್ನನ್ನು ಬಿಡುಗಡೆಗೊಳಿಸುತ್ತೇನೆ’ ಎನ್ನುವಾಗ ಅವನು ನುಡಿಯುವುದು ಸ್ವಂತ ಕರುಣೆಯನ್ನಲ್ಲ, ತನಗೆ ವಹಿಸಲಾದ ಆ ಅಧಿಕಾರವನ್ನು.

ಈ ವ್ಯತ್ಯಾಸವನ್ನು ಹಿಡಿಯದೆ ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಕವಿ ಚಾಸರ್ ಬರೆದ, ತೀರ್ಥಯಾತ್ರಿಕರು ಹೇಳುವ ಕಥೆಗಳ ಕೃತಿ ‘ಕ್ಯಾಂಟರ್ಬರಿ ಟೇಲ್ಸ್’ನ ಪಾರ್ಡನರ್, ಅಂದರೆ ಪಾಪದ ಶಿಕ್ಷೆಯನ್ನು ತಗ್ಗಿಸುವುದೆನ್ನುವ ಚರ್ಚಿನ ಕ್ಷಮಾಪತ್ರಗಳನ್ನು ಹಣಕ್ಕೆ ಹಂಚುವವನು, ಅರ್ಥವಾಗುವುದಿಲ್ಲ. ಅವನ ಚೀಲದ ತುಂಬ ರೋಮಿನಿಂದ ತಂದ ಕ್ಷಮಾಪತ್ರಗಳು. ಜೊತೆಗೆ ಕನ್ಯೆ ಮರಿಯಳ ಮುಸುಕೆಂದು ತೋರಿಸುವ ಒಂದು ದಿಂಬಿನ ಚೀಲ, ಗಾಜಿನ ಪಾತ್ರೆಯಲ್ಲಿಟ್ಟ ಹಂದಿಯ ಮೂಳೆಗಳು. ತನ್ನ ಮೋಸವನ್ನೆಲ್ಲ ಸಹಯಾತ್ರಿಕರ ಮುಂದೆ ತಾನೇ ಬಿಚ್ಚಿ ಹೇಳಿದ ಮೇಲೂ, ನಿಮ್ಮಲ್ಲಿ ಯಾರಾದರೂ ಕುದುರೆಯಿಂದ ಬಿದ್ದು ಕತ್ತು ಮುರಿದುಕೊಂಡರೆ ಪ್ರಾಣ ಹೋಗುವ ಹೊತ್ತಿನಲ್ಲಿ ‘ಅಸಾಯ್ಲ್’ ಮಾಡಬಲ್ಲ ನಾನು ಜೊತೆಗಿರುವುದು ನಿಮ್ಮ ಭಾಗ್ಯ ಎನ್ನುತ್ತಾನೆ. ಚರ್ಚಿನ ನಿಯಮದ ಪ್ರಕಾರ ಕ್ಷಮಾಪತ್ರ ಹಂಚುವವನಿಗೆ ಪಾಪದ ಕಟ್ಟು ಬಿಚ್ಚುವ ಅಧಿಕಾರವಿರಲಿಲ್ಲ. ಅದು ದೀಕ್ಷೆ ಪಡೆದ ಪಾದ್ರಿಯದು. ‘ನನ್ನ ಉನ್ನತ ಅಧಿಕಾರದಿಂದ’ ಎಂದು ಅವನು ಒತ್ತಿ ಹೇಳುವುದು ಈ ಕಾರಣಕ್ಕೇ, ಅವನ ಅತಿ ದೊಡ್ಡ ಸುಳ್ಳು ಇರುವುದೂ ಆ ಕ್ರಿಯಾಪದದಲ್ಲೇ. ಅಲ್ಲಿ ‘ಕ್ಷಮಿಸುತ್ತೇನೆ’ ಎಂದು ಓದಿಕೊಂಡರೆ ಆ ಸುಳ್ಳು ಕೈತಪ್ಪಿ ಹೋಗುತ್ತದೆ.

ಹದಿನೈದನೆಯ ಶತಮಾನದ ಇಂಗ್ಲಿಷ್ ಕುಟುಂಬಗಳ ಪತ್ರಗಳಲ್ಲಿ ತೀರಿಕೊಂಡವರ ಹೆಸರಿನ ಜೊತೆಗೆ ‘ದೇವರು ಅವರನ್ನು ಅಸಾಯ್ಲ್ ಮಾಡಲಿ’ ಎಂದು ಸೇರಿಸುವುದು ವಾಡಿಕೆಯಾಗಿತ್ತು. ಹದಿನಾರನೆಯ ಶತಮಾನದ ಮತಸುಧಾರಣೆಯ ನಂತರ ಇಂಗ್ಲೆಂಡಿನಲ್ಲಿ ಸತ್ತವರ ಆತ್ಮಕ್ಕಾಗಿ ಪ್ರಾರ್ಥಿಸುವ ಪದ್ಧತಿಯೇ ಹಿಂದೆ ಸರಿದಾಗ ಈ ಪದದ ನಿತ್ಯದ ನೆಲೆಗಳಲ್ಲಿ ಒಂದು ತಪ್ಪಿತು. ಉಳಿದ ಕೆಲಸಕ್ಕೆ ‘ಅಬ್ಸಾಲ್ವ್’ ಸಾಕಾಯಿತು.

ಆದರೂ ಪದ ಪೂರ್ತಿ ಸಾಯಲಿಲ್ಲ, ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದೇ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಅದು ‘ಅಸಾಯ್ಲಿ’ ಆಗಿ ಬದುಕಿದೆ. ಬರೆಯುವಾಗ ನಡುವೆ ಒಂದು ‘ಝಡ್’ ಅಕ್ಷರ ಬರುತ್ತದೆ. ಅದು ‘ಯೋಗ್’ ಎಂಬ ಹಳೆಯ ಅಕ್ಷರದ ಜಾಗದಲ್ಲಿ ಮುದ್ರಕರು ಬಳಸಿದ ಅಚ್ಚುಮೊಳೆಯ ಗುರುತಾದ್ದರಿಂದ ಅದನ್ನು ಉಚ್ಚರಿಸುವುದಿಲ್ಲ. ಅಲ್ಲಿನ ಸಿವಿಲ್ ನ್ಯಾಯಾಲಯ ದಾವೆಯನ್ನು ಸುಮ್ಮನೆ ವಜಾ ಮಾಡಿದರೆ ವಾದಿ ಮತ್ತೆ ದಾವೆ ಹೂಡಬಹುದು. ಪ್ರತಿವಾದಿಯನ್ನು ‘ಅಸಾಯ್ಲಿ’ ಮಾಡಿದರೆ ಅದೇ ವಿಷಯಕ್ಕೆ ಅವನನ್ನು ಮತ್ತೆ ಕಟಕಟೆಗೆ ಎಳೆಯುವಂತಿಲ್ಲ. ನಮ್ಮ ವಕೀಲರು ‘ರೆಸ್ ಜುಡಿಕೇಟಾ’ ಎನ್ನುವ ತತ್ತ್ವ ಅಲ್ಲಿ ಅನ್ವಯಿಸುತ್ತದೆ. ನ್ಯಾಯಾಧೀಶರು ಪ್ರತಿವಾದಿಯನ್ನು ಕ್ಷಮಿಸಿದರೆಂದು ಇಲ್ಲಿ ಯಾರೂ ಹೇಳಲಾರರು, ಏಕೆಂದರೆ ಕ್ಷಮಿಸಲು ಅವನ ತಪ್ಪೇ ಸಾಬೀತಾಗಿಲ್ಲ. ಅವನ ಮೇಲಿದ್ದ ದಾವೆಯ ಕಟ್ಟು ಬಿಚ್ಚಿತು, ಅಷ್ಟೆ.

ಹಾಗಾಗಿ ಹಳೆಯ ಪಠ್ಯವನ್ನು ಕನ್ನಡಕ್ಕೆ ತರುವವರು ಕೇಳಿದಾಗ, ಧಾರ್ಮಿಕ ಸಂದರ್ಭದಲ್ಲಿ ‘ಪಾಪವಿಮೋಚನೆ’ ಎಂದೂ ನ್ಯಾಯಾಲಯದ ಸಂದರ್ಭದಲ್ಲಿ ‘ದಾವೆಯಿಂದ ಮುಕ್ತಗೊಳಿಸು’ ಎಂದೂ ಬರೆಯಿರಿ, ‘ಕ್ಷಮಿಸು’ ಎಂಬುದನ್ನು ‘ಫರ್ಗಿವ್’ಗೆ ಉಳಿಸಿಕೊಳ್ಳಿ ಎಂದು ಹೇಳುತ್ತೇನೆ.