ವೃಂದಗಾನವೂ ಒಂದು ವಿದ್ಯೆ

ಬಳ್ಳಾರಿಯ ಪದವಿ ಕಾಲೇಜೊಂದರಲ್ಲಿ ನಾನು ಸಂಗೀತದ ಪಾಠ ಹೇಳುತ್ತೇನೆ. ಕಲಿತದ್ದು ಖಯಾಲ್ ಗಾಯನವಾದರೂ ನನ್ನ ವೃತ್ತಿಜೀವನದ ಬಹುಪಾಲು ಸಂದಿರುವುದು ಹುಡುಗ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಒಟ್ಟಿಗೆ ಹಾಡಿಸುವುದರಲ್ಲಿ. ಸಿದ್ಧರಾಮ ಜಂಬಲದಿನ್ನಿಯವರಂಥ ವಚನ ಗಾಯಕರನ್ನು ಕೊಟ್ಟ ಈ ಸೀಮೆಯಲ್ಲಿ ಹಾಡುಗಾರ ಎಂದರೆ ವೇದಿಕೆಯ ನಡುವೆ ಕೂತು ಒಬ್ಬರೇ ಹಾಡುವವರು ಎಂಬ ಭಾವನೆ ಗಟ್ಟಿಯಾಗಿದೆ. ಸಮೂಹಗಾನವೆಂದರೆ ಅತಿಥಿಗಳು ಬಂದು ಕೂರುವವರೆಗಿನ ಪ್ರಾರ್ಥನೆ, ಸ್ವಾಗತಗೀತೆ ಎಂದು ತಿಳಿದವರೇ ಹೆಚ್ಚು. ನನಗೆ ಇದನ್ನು ಒಪ್ಪಲು ಎಂದೂ ಆಗಿಲ್ಲ.

ಹಾಗೆ ನೋಡಿದರೆ ಕೂಡಿ ಹಾಡುವುದು ನಮ್ಮವರಿಗೆ ಹೊಸದೇನಲ್ಲ. ವಿಜಯದಾಸರೂ ಜಗನ್ನಾಥದಾಸರೂ ಹುಟ್ಟಿದ ಮಾನ್ವಿಯ ಕಡೆಯ ಭಜನಾ ಮಂಡಳಿಗಳು, ಮೊಹರಂನ ರಿವಾಯತ್ ಪದಗಳು, ಬಯಲಾಟದ ಹಿಮ್ಮೇಳ, ಏಕತಾರಿ ದಮ್ಮಡಿಯ ತತ್ವಪದಗಳು, ಎಲ್ಲದರಲ್ಲೂ ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ನನ್ನ ತರಗತಿಗೆ ಬರುವ ಮಕ್ಕಳಲ್ಲಿ ಅನೇಕರ ಕಿವಿ ಪಳಗಿರುವುದು ಅಲ್ಲಿಯೇ. ಲಯ ಅವರಿಗೆ ರಕ್ತಗತವಾಗಿ ಬಂದಿರುತ್ತದೆ. ಪಕ್ಕದವರ ದನಿಯನ್ನು ಕೇಳಿಸಿಕೊಂಡು ತನ್ನ ದನಿಯನ್ನು ಅದರೊಳಗೆ ಕರಗಿಸುವುದನ್ನು ಮಾತ್ರ ಮೊದಲಿನಿಂದ ಕಲಿಸಬೇಕಾಗುತ್ತದೆ, ಏಕೆಂದರೆ ಭಜನೆಯ ಹುರುಪಿನಲ್ಲಿ ಪ್ರತಿಯೊಬ್ಬರೂ ಎದೆ ತುಂಬಿ ಹಾಡುವುದೇ ರೂಢಿ.

13ನೇ ಶತಮಾನದಲ್ಲಿ ಸೇವುಣರ ದೇವಗಿರಿಯಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದಲ್ಲಿ ವೃಂದದ ಲಕ್ಷಣವನ್ನು ಬಿಡಿಸಿ ಹೇಳಿದ್ದಾನೆ. ಉತ್ತಮ ವೃಂದದಲ್ಲಿ 4 ಮಂದಿ ಮುಖ್ಯ ಗಾಯಕರು, ಅವರ ಜೊತೆಗೂಡಿ ಹಾಡುವ 8 ಮಂದಿ ಸಮಗಾಯಕರು, 12 ಮಂದಿ ಗಾಯಕಿಯರು, ಜೊತೆಗೆ 4 ಕೊಳಲು, 4 ಮೃದಂಗ ಇರಬೇಕು. ಆ ಲೆಕ್ಕಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನು ಹೇಳುವ ಆರು ಗುಣಗಳು: ಮುಖ್ಯ ಗಾಯಕನನ್ನು ಅನುಸರಿಸುವುದು, ದನಿಗಳ ಮಿಲನ, ತಾಳದ ನಡೆಗೆ ಹೊಂದಿಕೊಳ್ಳುವುದು, ಒಬ್ಬರಲ್ಲಿ ತುಂಡಾದದ್ದನ್ನು ಇನ್ನೊಬ್ಬರು ನಿರ್ವಹಿಸುವುದು, ಮೂರೂ ಸ್ಥಾಯಿಗಳಲ್ಲಿ ವ್ಯಾಪಿಸುವ ಶಕ್ತಿ, ಶಬ್ದಸಾದೃಶ್ಯ ಅಂದರೆ ಎಲ್ಲರ ಸದ್ದೂ ಒಂದೇ ತೆರನಾಗಿ ಕೇಳಿಸುವುದು. ವೃಂದಗಾನದ ಬೋಧನೆಗೆ ಇದಕ್ಕಿಂತ ಒಳ್ಳೆಯ ಪಠ್ಯಕ್ರಮ ನನಗೆ ಇದುವರೆಗೆ ಸಿಕ್ಕಿಲ್ಲ.

ಕಾಲೇಜಿನ ಮಿಶ್ರ ವೃಂದದಲ್ಲಿ ಮೊದಲ ತೊಡಕು ಬರುವುದು ಶ್ರುತಿಯದು. ಹುಡುಗರಿಗೆ ಹಾರ್ಮೋನಿಯಂನ ಕಪ್ಪು 1, ಅಂದರೆ ಮೊದಲ ಕಪ್ಪು ಮನೆ, ಷಡ್ಜವಾಗಿ (‘ಸ’ ಆಗಿ) ಹಿತವಾದರೆ ಹುಡುಗಿಯರಿಗೆ ಅದಕ್ಕಿಂತ ಎತ್ತರದ ಕಪ್ಪು 4 ಅಥವಾ 5 ಬೇಕು. ನಡುವಿನ ಕಪ್ಪು 3ಕ್ಕೆ ಇಬ್ಬರನ್ನೂ ತಂದರೆ, ಹಾಡು ಮೇಲಿನ ‘ಸ’ವನ್ನು, ಅಂದರೆ ತಾರ ಷಡ್ಜವನ್ನು, ದಾಟಿದಾಗ ಹುಡುಗರು ಕಿರುಚುತ್ತಾರೆ, ಮಂದ್ರಕ್ಕೆ ಇಳಿದಾಗ ಹುಡುಗಿಯರ ದನಿ ಕೇಳಿಸುವುದೇ ಇಲ್ಲ. ಇದಕ್ಕೆ ನಮ್ಮ ಮೂರ್ಛನಾ ಪದ್ಧತಿಯಲ್ಲೇ, ಅಂದರೆ ಒಂದು ರಾಗದ ಬೇರೊಂದು ಸ್ವರವನ್ನು ಷಡ್ಜವಾಗಿಸಿ ಇನ್ನೊಂದು ರಾಗವನ್ನು ಪಡೆಯುವ ಕ್ರಮದಲ್ಲೇ, ಒಂದು ಸುಂದರ ಪರಿಹಾರವಿದೆ. ಹುಡುಗರು ಕಪ್ಪು 1ರಲ್ಲಿ ಭೂಪ್ ರಾಗ ಹಾಡಲಿ. ಅವರ ಪಂಚಮವೇ ಕಪ್ಪು 4, ಅದನ್ನು ಷಡ್ಜವೆಂದು ಹಿಡಿದು ಹುಡುಗಿಯರು ದುರ್ಗಾ ರಾಗ ಹಾಡಲಿ. ಭೂಪ್‌ನ ಪ, ಧ, ಸ, ರಿ, ಗ ಎಂಬ ಐದು ಸ್ವರಗಳೇ ದುರ್ಗಾದಲ್ಲಿ ಸ, ರಿ, ಮ, ಪ, ಧ ಆಗುವುದರಿಂದ ಒಂದು ಸ್ವರವೂ ಹೊರಗುಳಿಯುವುದಿಲ್ಲ. ಒಂದೇ ತಂಬೂರಿಯ ಸ–ಪ ನಾದ ಹುಡುಗಿಯರ ಕಿವಿಗೆ ಮ–ಸ ಆಗಿ ಕೇಳುತ್ತದೆ. ಪಂಡಿತ್ ಜಸರಾಜ್ ಅವರು, ಗಾಯಕ ಗಾಯಕಿಯರಿಬ್ಬರು ತಮ್ಮ ತಮ್ಮ ಶ್ರುತಿಯಲ್ಲಿ ಬೇರೆ ಬೇರೆ ರಾಗ ಹಾಡುವ ಜಸರಂಗಿ ಜುಗಲ್‌ಬಂದಿಗೆ ಆಧಾರವಾಗಿಟ್ಟುಕೊಂಡದ್ದು ಇದೇ ತತ್ವವನ್ನು. ನಾನು ಮೊದಲು ಸರಗಮ್ಮನ್ನು ಮಾತ್ರ ಹಾಡಿಸಿ, ಎರಡೂ ಗುಂಪಿಗೆ ತಮ್ಮ ತಮ್ಮ ಷಡ್ಜ ಗಟ್ಟಿಯಾದ ಮೇಲಷ್ಟೇ ಸಾಹಿತ್ಯ ಕೊಡುತ್ತೇನೆ. ಎರಡು ರಾಗಗಳು ಒಂದೇ ಕೋಣೆಯಲ್ಲಿ ಒಂದನ್ನೊಂದು ತಬ್ಬಿಕೊಂಡು ನಿಲ್ಲುವುದನ್ನು ಮೊದಲ ಬಾರಿಗೆ ಕೇಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಬೆರಗು ಈ ಕೆಲಸದಲ್ಲಿ ನನಗೆ ಸಿಗುವ ದೊಡ್ಡ ಸಂಬಳ.

ಶಬ್ದಸಾದೃಶ್ಯದ ಕಷ್ಟವೇ ಬೇರೆ. ಸಿರುಗುಪ್ಪದ ಕಡೆಯಿಂದ ಬರುವ ಕೆಲವರ ಮನೆಮಾತು ತೆಲುಗು, ಕೊಪ್ಪಳದ ಕಡೆಯವರು ಮನೆಗೆ ‘ಮನಿ’ ಎನ್ನುವವರು, ತಾಂಡಾದ ಮಕ್ಕಳಿದ್ದಾರೆ, ಮನೆಯಲ್ಲಿ ಉರ್ದು ಆಡುವವರಿದ್ದಾರೆ. ನಾಡಗೀತೆಯ ‘ಮಾತೆ’ ಎಂಬ ಪದದ ಕೊನೆಯ ಸ್ವರಾಕ್ಷರವನ್ನು ಎಳೆದು ನಿಲ್ಲಿಸುವಾಗ ಅರ್ಧ ಜನ ‘ಎ’ಕಾರದಲ್ಲಿದ್ದು ಇನ್ನರ್ಧ ಜನ ‘ಇ’ಕಾರದತ್ತ ಜಾರಿದರೆ, ಶ್ರುತಿ ಸರಿಯಿದ್ದರೂ ಅಪಶ್ರುತಿಯಂತೆಯೇ ಕೇಳುತ್ತದೆ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ನಾಡಗೀತೆಯನ್ನು ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿದ ಮೇಲೆ ಧಾಟಿಯ ಗೊಂದಲ ತೀರಿತು. ಸ್ವರಾಕ್ಷರಗಳ ಹೊಂದಾಣಿಕೆಯನ್ನು ಮಾತ್ರ ಯಾವ ಆದೇಶವೂ ತರಲಾರದು; ಬಾಯಿಯ ಆಕಾರವನ್ನು ಎದುರಿಗೆ ನಿಂತು ತೋರಿಸಿ, ತಾಳ್ಮೆಯಿಂದ ತಿದ್ದಬೇಕು.

ನಿರ್ದೇಶನ ಮಾಡುವಾಗ ನಾನು ಹಾರ್ಮೋನಿಯಂ ಮುಂದೆ ಕೂರುವುದಿಲ್ಲ. ನುಡಿಸುತ್ತಾ ತಲೆಯಾಡಿಸುವವರನ್ನು ಹಿಂದಿನ ಸಾಲು ನೋಡಲಾರದು. ನಿಂತು, ಬಲಗೈಯಲ್ಲಿ ಲಯವನ್ನೂ ಎಡಗೈಯಲ್ಲಿ ದನಿಯ ಏರಿಳಿತವನ್ನೂ ತೋರಿಸುತ್ತೇನೆ. ಇದರಲ್ಲಿ ಮುಖ್ಯವಾದದ್ದು ಹಾಡು ಶುರುವಾಗುವ ಮುಂಚಿನ ಒಂದು ಮಾತ್ರೆ. ಆಗ ಕೈ ಮೇಲೇಳುತ್ತದೆ, ಅದರೊಂದಿಗೆ ಎಲ್ಲರೂ ಉಸಿರು ಎಳೆದುಕೊಳ್ಳುತ್ತಾರೆ. ಕೈ ಗಡಿಬಿಡಿಯಿಂದ ಎದ್ದರೆ ಉಸಿರು ಗಿಡ್ಡವಾಗಿ, ಮೊದಲ ಸ್ವರವೇ ಸೊರಗಿ ಬರುತ್ತದೆ.

ದೀರ್ಘ ಸ್ವರಗಳ ಅಭ್ಯಾಸದ ದಿನ ಯಲಬುರ್ಗಾ ಕಡೆಯ ವಿದ್ಯಾರ್ಥಿನಿಯೊಬ್ಬಳು, “ಅಷ್ಟೊತ್ತು ನನ್ನ ಉಸಿರು ನಿಲ್ಲಂಗಿಲ್ರಿ ಮೇಡಂ” ಎಂದು ಅಳುಮುಖ ಮಾಡಿದಳು. “ನಿನ್ನೊಬ್ಬಾಕಿದ ಯಾಕ ನಿಲ್ಲಬೇಕವ್ವಾ? ನೀ ಉಸಿರು ತೊಗೊಳ್ಳಾಗ ಪಕ್ಕದಾಕಿ ಹಿಡಿತಾಳ, ಆಕಿ ತೊಗೊಳ್ಳಾಗ ನೀ ಹಿಡಿ” ಎಂದೆ. ಶಾರ್ಙ್ಗದೇವ ಹೇಳಿದ ನಾಲ್ಕನೆಯ ಗುಣ ಇದೇ. ಉಸಿರು ತೆಗೆದುಕೊಳ್ಳುವವರು ಪದದ ನಡುವೆ, ಸದ್ದಾಗದಂತೆ, ದನಿಯನ್ನು ಇಳಿಸುತ್ತಾ ಬಿಟ್ಟು ಮತ್ತೆ ಮೆಲ್ಲಗೆ ಸೇರಿಕೊಳ್ಳಬೇಕು. ಪಕ್ಕಪಕ್ಕದ ಇಬ್ಬರು ಒಮ್ಮೆಲೇ ಬಿಡಕೂಡದು. ಇದು ಕೈವಶವಾದ ಮೇಲೆ, ಒಂದು ಷಡ್ಜವನ್ನು ವೃಂದ ಎಷ್ಟು ಹೊತ್ತು ಬೇಕಾದರೂ ನಿಲ್ಲಿಸಬಲ್ಲದು. ಒಂಟಿ ಗಾಯಕರಿಗೆ, ಅವರು ಎಷ್ಟೇ ದೊಡ್ಡವರಿರಲಿ, ಇದು ಸಾಧ್ಯವಿಲ್ಲ.

ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ಸಮೂಹಗಾನ ಸ್ಪರ್ಧೆಯಲ್ಲಿ 6 ಹಾಡುಗಾರರಿಗೆ ಮಾತ್ರ ಅವಕಾಶವಿರುವುದರಿಂದ ಬಹಳಷ್ಟು ಕಾಲೇಜುಗಳು ಆ ಆರು ಮಂದಿಯನ್ನು ಆರಿಸಿ ಉಳಿದವರನ್ನು ಮನೆಗೆ ಕಳಿಸುತ್ತವೆ. ಸ್ಪರ್ಧೆಗೆ ನಾವೂ ಹೋಗುತ್ತೇವೆ, ಆದರೆ ನಮ್ಮ ವೃಂದವನ್ನು ಅದರ ಅಳತೆಗೆ ಕತ್ತರಿಸಲು ನಾನು ಒಪ್ಪಿಲ್ಲ. ಕೊಟ್ಟ ಸ್ವರಕ್ಕೆ ದನಿ ಕೂಡಿಸಬಲ್ಲ ಯಾರೇ ಬಂದರೂ, ಅವರು ವಾಣಿಜ್ಯ ವಿಭಾಗದವರಿರಲಿ ವಿಜ್ಞಾನದವರಿರಲಿ, ಸೇರಿಸಿಕೊಳ್ಳುತ್ತೇನೆ. ಸಂಗೀತ ಓದುವ ನನ್ನ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಬೀಳುವುದು ಒಂಟಿ ಗಾಯನಕ್ಕೆ. ನಾಳೆ ಅವರು ಶಾಲಾ ಶಿಕ್ಷಕರಾಗಿ ರಾಯಚೂರಿಗೋ ಕೊಪ್ಪಳಕ್ಕೋ ಹೋದಾಗ ಮೊದಲ ದಿನವೇ ಮಾಡಬೇಕಾಗುವುದು ಮಾತ್ರ ಇಡೀ ಶಾಲೆಯನ್ನು ಒಂದೇ ಶ್ರುತಿಯಲ್ಲಿ ಹಾಡಿಸುವ ಕೆಲಸ. ಆದ್ದರಿಂದ ವೃಂದಗಾನ ನಿರ್ದೇಶನಕ್ಕೆಂದೇ ಒಂದು ಪ್ರಾಯೋಗಿಕ ಪತ್ರಿಕೆ ಬೇಕೆಂದು ಅಧ್ಯಯನ ಮಂಡಳಿಯ ಸಭೆಗಳಲ್ಲಿ ಕೇಳುತ್ತಲೇ ಬಂದಿದ್ದೇನೆ. ಅದು ಬರುವವರೆಗೆ ಶನಿವಾರದ ಅಭ್ಯಾಸದಲ್ಲಿ ಅಂತಿಮ ವರ್ಷದ ಪ್ರತಿಯೊಬ್ಬರೂ ಸರದಿಯ ಮೇಲೆ ನನ್ನ ಜಾಗದಲ್ಲಿ ನಿಂತು ಒಂದು ಹಾಡನ್ನು ನಿರ್ದೇಶಿಸುತ್ತಾರೆ, ನಾನು ಎರಡನೇ ಸಾಲಿನಲ್ಲಿ ನಿಂತು ಹಾಡುತ್ತೇನೆ.