407ಕ್ಕೆ ಹೊಸ ಸೈಲೆನ್ಸರ್ ಲೈನ್: ಇಲ್ಲಿವರೆಗಿನ ಕೆಲಸ

ಗಾಡಿ ಟಾಟಾ 407, ಸಣ್ಣ ಲಾರಿ. ಟರ್ಬೊ (ಹೊಗೆಯ ಒತ್ತಡದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಇರುವ 497 ಇಂಜಿನ್, 2956 ಸಿಸಿ. ಸಕಲೇಶಪುರದ ಸುತ್ತ ಗೊಬ್ಬರ, ಕಾಫಿ ಮೂಟೆ, ಸೌದೆ ಹೊತ್ತಿದ್ದೇ ಜಾಸ್ತಿ. ಈ ಮಳೆಗಾಲ ಮುಗಿಯುವ ಹೊತ್ತಿಗೆ ಸೈಲೆನ್ಸರ್ ಡಬ್ಬಿಯ ತಳ ಜರಡಿಯಾಗಿತ್ತು. ಟರ್ಬೊ ಕೆಳಗಿನ ಫ್ಲೇಂಜಿನಿಂದ (ಪೈಪು ಕೂಡಿಸುವ ಬೋಲ್ಟ್ ಬಿಲ್ಲೆ) ಮಸಿ ಹಾರಿ ಹೊಗೆ ಕ್ಯಾಬಿನ್ ಒಳಗೇ ಬರುತ್ತಿತ್ತು. ಇನ್ನು ತೇಪೆ ಹಾಕಿ ಪ್ರಯೋಜನವಿಲ್ಲ ಅನಿಸಿ, ಟರ್ಬೊದಿಂದ ಬಾಲದವರೆಗೆ ಪೂರ್ತಿ ಲೈನ್ ಹೊಸದು ಮಾಡಲು ಇಳಿದೆ.

ಹಳೇ ಡಬ್ಬಿಯನ್ನು ಗ್ರೈಂಡರಿನಲ್ಲಿ ಕೊಯ್ದು ನೋಡಿದರೆ ಹೊರಗಿನ ಕೆಸರಿಗಿಂತ ಒಳಗಿನ ತುಕ್ಕೇ ಜಾಸ್ತಿ. ಡೀಸೆಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ತೋಟದಿಂದ ಗೇಟಿಗೆ, ಗೇಟಿನಿಂದ ಕಣಕ್ಕೆ ಅಂತ ಸಣ್ಣ ಓಡಾಟ ಮಾಡಿದರೆ ಡಬ್ಬಿ ಸರಿಯಾಗಿ ಕಾಯುವುದೇ ಇಲ್ಲ, ಆವಿ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಹಿಂದಿನ ಡೀಸೆಲ್‌ನಲ್ಲಿದ್ದ ಗಂಧಕವೂ ಸೇರಿ ಅದು ಆಸಿಡ್ ಆಗುತ್ತಿತ್ತು. 2020ರಿಂದ ಸಿಗುವ ಬಿಎಸ್6 (ಬಿಎಸ್ ಅಂದರೆ ಹೊಗೆ ಮಾಲಿನ್ಯದ ಸರ್ಕಾರಿ ಮಾನದಂಡ) ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಪಾಲು ಅಷ್ಟೇ. ಆ ಕಾಟ ಕಡಿಮೆಯಾಗಿದೆ, ನೀರಿನ ಕಾಟ ಹಾಗೇ ಇದೆ. ಅದಕ್ಕೆ ಹೊಸ ಡಬ್ಬಿಯ ತಗ್ಗಿನಲ್ಲಿ ಒಂದು ಸಣ್ಣ ತೂತು ಕೊರೆಸಿದ್ದೇನೆ.

ಬಿಚ್ಚುವ ಕೆಲಸದಲ್ಲಿ ಹೆದರಿಕೆ ಇದ್ದದ್ದು ಸ್ಟಡ್‌ಗಳದ್ದೇ (ನಟ್ ಕೂರುವ, ತಲೆ ಇಲ್ಲದ ಬೋಲ್ಟು). ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಬೆಳಿಗ್ಗೆ ನಟ್ಟುಗಳನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಅರ್ಧ ಸುತ್ತು ಬಿಚ್ಚಿ ಕಾಲು ಸುತ್ತು ವಾಪಸ್ ತಿರುಗಿಸುತ್ತಾ ತೆಗೆದೆವು. ಒಂದು ಸ್ಟಡ್ ತುಂಡಾಯಿತು. ಉಳಿದ ತುಂಡಿನ ತುದಿಗೆ ಹೊಸ ನಟ್ ವೆಲ್ಡ್ ಮಾಡಿ ತಿರುಗಿಸಿದ್ದಕ್ಕೆ ಬಂತು, ಪುಣ್ಯ.

ಪೈಪಿನ ವಿಷಯಕ್ಕೆ ಬಂದರೆ ಎಲ್ಲರದೂ ಒಂದೊಂದು ಮಾತು. ವೆಲ್ಡರ್ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ಸಾಕು ಅಂದ. ಅದಂತೂ ಬೇಡ. ವೆಲ್ಡಿಂಗ್ ಶಾಖಕ್ಕೆ ಸತುವಿನ ಲೇಪ ಹೊಗೆಯಾಗುತ್ತದೆ, ಅದು ಉಸಿರಿಗೆ ಹೋದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಉಳಿದದ್ದು ಸ್ಟೇನ್‌ಲೆಸ್ ಸ್ಟೀಲಿನಲ್ಲಿ 409 ಮತ್ತು 304 ಅನ್ನುವ ಎರಡು ದರ್ಜೆ. 409ಕ್ಕೆ ಅಯಸ್ಕಾಂತ ಹಿಡಿಯುತ್ತದೆ, ಬೆಲೆ ಕಡಿಮೆ, ಮೇಲೆ ಸ್ವಲ್ಪ ಕಂದು ಬಣ್ಣ ಬಂದರೂ ವರ್ಷಗಟ್ಟಲೆ ಬಾಳುತ್ತದೆ. ಎಷ್ಟೋ ಕಾರು ಕಂಪನಿಗಳು ಹಾಕುವುದೂ ಅದನ್ನೇ. ಆದರೆ ಅದರ ಬಿಡಿ ಪೈಪ್ ನನಗೆ ಸಿಗಲಿಲ್ಲ. 304 ಬೆಂಗಳೂರಿನಲ್ಲಿ ಸುಲಭವಾಗಿ ಸಿಕ್ಕಿತು.

304ರದ್ದು ಒಂದು ಗುಣ ಇದೆ: ಕಾದರೆ ಕಬ್ಬಿಣಕ್ಕಿಂತ ಜಾಸ್ತಿ ಉದ್ದವಾಗುತ್ತದೆ. 3 ಮೀಟರ್ ಪೈಪು 200 ಡಿಗ್ರಿ ಬಿಸಿ ಏರಿದರೆ ಸುಮಾರು 10 ಮಿ.ಮೀ. ಬೆಳೆಯುತ್ತದೆ. ಬಿಗಿಯಾಗಿ ಕ್ಲ್ಯಾಂಪ್ ಮಾಡಿದರೆ ಆ ಹತ್ತು ಮಿ.ಮೀ. ಎಲ್ಲಿಗೆ ಹೋಗಬೇಕು? ವೆಲ್ಡಿಂಗ್ ಜಾಗದಲ್ಲಿ ಸೀಳು ಬಿಡುತ್ತದೆ, ಇಲ್ಲ ಮ್ಯಾನಿಫೋಲ್ಡ್ (ಇಂಜಿನ್ನಿನ ಹೊಗೆ ಕೂಡಿಸುವ ಭಾಗ) ಮೇಲೆ ಹೊರೆ ಬೀಳುತ್ತದೆ. ಟರ್ಬೊ ಆದ ಕೂಡಲೇ ಒಂದು ಬೆಲ್ಲೋ (ಬಾಗಿ ಹಿಗ್ಗುವ ಮಡಿಕೆ ಪೈಪು), ಅಲ್ಲಿಂದ ಹಿಂದಕ್ಕೆ ಪೈಪು ತೂಗಿಸಲು ರಬ್ಬರ್ ಹ್ಯಾಂಗರ್ ಹಾಕಿದ್ದು ಅದಕ್ಕೇ. ಹಳೇ ಕಬ್ಬಿಣದ ಫ್ಲೇಂಜಿಗೆ 304 ಕೂಡಿಸುವಾಗ ಎರಡಕ್ಕೂ ಹೊಂದುವ 309ಎಲ್ ವೆಲ್ಡಿಂಗ್ ರಾಡ್ ಬಳಸಿದೆವು. ಗಾಡಿ ಮೇಲೇ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡಿಂಗ್) ಹೊಡೆಯುವ ಮುಂಚೆ ಬ್ಯಾಟರಿ ವೈರ್ ಕಳಚಿದ್ದೆ. ಇಲ್ಲದಿದ್ದರೆ ಆಲ್ಟರ್ನೇಟರ್ ಡಯೋಡ್ ಸುಮ್ನೆ ಸುಟ್ಟುಹೋಗುತ್ತದೆ.

ಮೊದಲು ಇದ್ದದ್ದು ಹಿಂದಿನ ಮಾಲೀಕರು ಹಾಕಿಸಿದ 2 ಇಂಚಿನ ಪೈಪು, ಬೆಂಡುಗಳಲ್ಲೆಲ್ಲ ಚಪ್ಪಟೆ. ಈಗ ಎರಡೂವರೆ ಇಂಚು, ಒಳಗೆ ಮ್ಯಾಂಡ್ರೆಲ್ (ಪೈಪು ಚಪ್ಪಟೆಯಾಗದಂತೆ ತಡೆಯುವ ದಿಂಡು) ಇಟ್ಟು ಬಗ್ಗಿಸಿದ್ದು. ಅರ್ಧ ಇಂಚು ಅಂದರೆ ಏನು ಮಹಾ ಅನ್ನಬೇಡಿ, ಹೊಗೆ ಹೋಗುವ ದಾರಿಯ ವಿಸ್ತೀರ್ಣ ಒಂದೂವರೆ ಪಟ್ಟು ಮೀರುತ್ತದೆ. ಟರ್ಬೊ ಗಾಡಿಗೆ ಇದರಿಂದ ಲಾಭ ಇದೆ. ಟರ್ಬೈನ್ (ಟರ್ಬೊ ಒಳಗೆ ಹೊಗೆ ತಿರುಗಿಸುವ ಚಕ್ರ) ಆದ ಮೇಲೆ ಒತ್ತಡ ಕಡಿಮೆ ಇದ್ದಷ್ಟೂ ಅದು ಬೇಗ ತಿರುಗುತ್ತದೆ. ಟರ್ಬೊ ಇಲ್ಲದ 407ಕ್ಕೆ ಇಷ್ಟು ಖರ್ಚು ಮಾಡಿ ಅಂತ ನಾನು ಹೇಳಲ್ಲ.

ಡಬ್ಬಿ ತೆಗೆದು ಸ್ಟ್ರೈಟ್ ಪೈಪ್ ಬಿಡಿ, ಸೌಂಡ್ ಬರುತ್ತೆ ಅಂದವರೂ ಇದ್ದರು. ನಂದು ವರ್ಷ ವರ್ಷ ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟ್ ತಪಾಸಣೆಗೆ) ನಿಲ್ಲುವ ಗಾಡಿ. ಸೌಂಡ್ ಇಟ್ಟುಕೊಂಡು ಏನು ಮಾಡಲಿ? ನಿಯಮವೂ ಇದೆ: ಹೊಗೆ ಕೆಳಕ್ಕೂ ಬಿಡಬಾರದು, ಎಡಕ್ಕೂ ಬಿಡಬಾರದು, ಬಲಕ್ಕೆ ಅಥವಾ ಹಿಂದಕ್ಕೆ ಹೋಗಬೇಕು. ಡೀಸೆಲ್ ಲೈನಿಗೂ ಪೈಪಿಗೂ 35 ಮಿ.ಮೀ. ಅಂತರ ಬೇಕು. ನಾನು ಇನ್ನೂ ಜಾಸ್ತಿ ಬಿಟ್ಟು ನಡುವೆ ಒಂದು ತಗಡನ್ನೂ ಇಟ್ಟಿದ್ದೇನೆ.

ಈಗಿನ ಸ್ಥಿತಿ: ಕ್ಯಾಬಿನ್‌ನಲ್ಲಿ ವಾಸನೆ ಇಲ್ಲ. ಲೋಡ್ ಇಟ್ಟು ಏರು ಹತ್ತುವಾಗ ಮೂರನೇ ಗೇರಿನಲ್ಲಿ ಟರ್ಬೊ ಮೊದಲಿಗಿಂತ ಬೇಗ ಎದ್ದೇಳುತ್ತದೆ. ಐಡಲ್‌ನಲ್ಲಿ ಆ ತಗಡು ಸ್ವಲ್ಪ ಗಲಗಲ ಅನ್ನುತ್ತದೆ, ವಾಷರ್ ಹಾಕಬೇಕು. ಆದರೆ ಕಪ್ಪು ಹೊಗೆ ಮೊದಲಿನಷ್ಟೇ ಇದೆ, ಇದ್ದೇ ಇರುತ್ತದೆ. ಹೊಗೆ ಹುಟ್ಟುವುದು ಇಂಜಿನ್ನಿನಲ್ಲಿ, ಸೈಲೆನ್ಸರಿನಲ್ಲಿ ಅಲ್ಲವಲ್ಲ. ನಂದು ಬಿಎಸ್4ಕ್ಕಿಂತ ಹಳೇದು, ಹೊಗೆ ಪರೀಕ್ಷೆಯಲ್ಲಿ ಮಿತಿ 65 ಹಾರ್ಟ್ರಿಡ್ಜ್ (ಹೊಗೆ ಎಷ್ಟು ದಟ್ಟ ಅನ್ನುವ ಅಳತೆ). ಏರ್ ಫಿಲ್ಟರ್ ಹೊಸದು ಹಾಕಿ, ಟರ್ಬೊದಿಂದ ಇಂಜಿನ್ನಿಗೆ ಗಾಳಿ ಹೋಗುವ ಹೋಸ್‌ಗೆ ಸೋಪಿನ ನೀರು ಹಚ್ಚಿ ನೋಡಿದೆ, ಲೀಕ್ ಇಲ್ಲ. ಇನ್ನು ಉಳಿದದ್ದು ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳು, ನಾಲ್ಕನ್ನೂ ಬಿಚ್ಚಿ ಹಾಸನಕ್ಕೆ ಟೆಸ್ಟಿಂಗ್‌ಗೆ ಕಳಿಸಿದ್ದೇನೆ.