ಮರದಿಂದ ಬಿದ್ದವನು, ಕಣದಲ್ಲಿ ಜಾರಿದವರು

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ, ಬಟವಾಡೆ, ಮೆಣಸಿನ ತೂಕ ಎಲ್ಲ ನೋಡಿಕೊಳ್ಳಬೇಕು. ಯಾರಾದರೂ ಬಿದ್ದರೆ ಜೀಪು ಹತ್ತಿಸುವುದೂ ನನ್ನ ಪಾಲಿಗೇ. ಕೆಲವು ವರ್ಷದ ಹಿಂದೆ ಒಂದೇ ವಾರದಲ್ಲಿ ಇಬ್ಬರು ಬಿದ್ದರು. ಅವರಲ್ಲಿ ಆಸ್ಪತ್ರೆಗೆ ಓಡಿಸಬೇಕಾದ ಒಬ್ಬರನ್ನು ನಾನು ಮನೆಗೆ ಕಳಿಸಿದೆ.

ಮೊದಲು ಬಿದ್ದವನು ಮೆಣಸು ಕುಯ್ಯುವ ಹುಡುಗ. ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರಿತು. 15 ಅಡಿ ಮೇಲಿದ್ದ. ಓಡಿ ಹೋಗಿ ನೋಡಿದರೆ ದರಗಿನ ಮೇಲೆ, ಅಂದರೆ ಉದುರಿದ ಒಣ ಎಲೆಗಳ ರಾಶಿಯ ಮೇಲೆ ಕೂತು ಸೊಂಟ ಉಜ್ಜಿಕೊಳ್ಳುತ್ತಿದ್ದಾನೆ. ಚೀಲದ ಮೆಣಸು ಚೆಲ್ಲಿಹೋಯಿತಲ್ಲ ಎಂಬುದೇ ಅವನ ಚಿಂತೆ. ಹಾಸನಕ್ಕೆ ಕರೆದೊಯ್ದು ಎಕ್ಸ್‌ರೇ ತೆಗೆಸಿದೆವು. ಏನೂ ಮುರಿದಿರಲಿಲ್ಲ.

ನಾಲ್ಕು ದಿನ ಬಿಟ್ಟು, ಖಾಲಿ ಚೀಲ ಹೊತ್ತು ಕಣದಲ್ಲಿ ನಡೆಯುತ್ತಿದ್ದ ಹಳೇ ಆಳು ಅಣ್ಣ ಒಬ್ಬರು ಕಾಲು ಜಾರಿದರು. ಸಿಮೆಂಟ್ ಮೇಲೆ ಒಣ ಮೆಣಸಿನ ಕಾಳು ಅಂದರೆ ಗೋಲಿ ಇದ್ದ ಹಾಗೆ. ಅಂಗಾತ ಬಿದ್ದರು. ತಲೆ ಟಪ್ ಎಂದಿತು. ಒಂದು ಗಳಿಗೆ ಕಣ್ಣು ಮುಚ್ಚಿದವರು ಎದ್ದು ಕೂತು, "ಏನಾಗಿಲ್ಲ ರೈಟ್ರೇ" ಅಂದರು. ಕಾಫಿ ಕುಡಿದರು. ಮರದಿಂದ ಬಿದ್ದವನಿಗೇ ಏನೂ ಆಗಲಿಲ್ಲ, ಇದೇನು ಮಹಾ ಅಲ್ವಾ? ಮನೆಗೆ ಹೋಗಿ ಮಲಗಿ ಅಂದೆ. ಮಲಗಿ ಅಂದವನು ನಾನೇ.

ಸಂಜೆ ಅವರ ಹೆಂಡತಿ ಆಳುಗಳ ಲೈನ್ ಮನೆಯಿಂದ ಓಡಿ ಬಂದರು. ಎರಡು ಸಲ ವಾಂತಿಯಾಗಿದೆ, ಎಬ್ಬಿಸಿದರೆ ಏಳುತ್ತಿಲ್ಲ. ಹಾಸನದಲ್ಲಿ ಸ್ಕ್ಯಾನ್ ಮಾಡಿದಾಗ ತಲೆಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಕಟ್ಟಿತ್ತು. ರಾತ್ರಿಯೇ ಆಪರೇಷನ್. ಬದುಕಿದರು. ಇಂಥ ಪೆಟ್ಟಿನಲ್ಲಿ ಕೆಲವರು ಮೊದಲ ಕೆಲವು ಗಂಟೆ ಚೆನ್ನಾಗಿಯೇ ಮಾತಾಡುತ್ತಾರೆ, ಒಳಗೆ ರಕ್ತ ಮಾತ್ರ ಸೇರುತ್ತಾ ಹೋಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ತಲೆನೋವು ಜಾಸ್ತಿ ಆಗುವುದು, ವಾಂತಿ, ತೂಕಡಿಕೆ, ಮಾತು ತೊದಲುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇದರಲ್ಲಿ ಯಾವುದು ಕಂಡರೂ ಕಾಯಬೇಡಿ ಅಂದರು.

ನಾನು ಪಿಯುಸಿ ಸೈನ್ಸ್ ಅರ್ಧಕ್ಕೆ ಬಿಟ್ಟವನು. ಆದರೂ ಆ ರಾತ್ರಿ ನಿದ್ದೆ ಬಾರದೆ ಹಾಜರಿ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. 15 ಅಡಿಯಿಂದ ಬಿದ್ದವನು ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 34 ಕಿಲೋಮೀಟರ್. ನಿಂತಲ್ಲೇ ಬಿದ್ದವರ ತಲೆಗೆ ಹತ್ತಿರ ಹತ್ತಿರ 20. ಹುಡುಗನದೇ ಜಾಸ್ತಿ. ಆದರೆ ಪೆಟ್ಟು ಕೊಡುವುದು ವೇಗವಲ್ಲ, ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಯಿತು ಅನ್ನುವುದು. ಬಿದ್ದ ಎತ್ತರವನ್ನು ಆ ದೂರದಿಂದ ಭಾಗಿಸಿ ನೋಡಿ. ದರಗು ಕುಸಿದು, ಮೊಣಕಾಲು ಮಡಚಿ, ಹುಡುಗ ಒಂದಡಿಯಲ್ಲಿ ನಿಂತ ಅಂದುಕೊಂಡರೆ ಅವನ ಮೇಲೆ ಬಿದ್ದ ಸರಾಸರಿ ಬಲ ತೂಕದ ಸುಮಾರು 15 ಪಟ್ಟು. ಸಿಮೆಂಟ್ ಕುಸಿಯುವುದೇ ಇಲ್ಲ. ತಲೆ ಅರ್ಧ ಸೆಂಟಿಮೀಟರಿನಲ್ಲಿ ನಿಂತಿದ್ದರೆ ತಲೆಯ ತೂಕದ 300 ಪಟ್ಟಿಗೂ ಮೇಲೆ!

ಹಲಸಿನ ಹಣ್ಣು ತೋಟದೊಳಗೆ ಬಿದ್ದರೆ ಇಡಿಯಾಗಿ ಸಿಗುತ್ತದೆ, ಕಣದ ಅಂಚಿಗೆ ಬಿದ್ದದ್ದು ಬರೀ ನೊಣಗಳಿಗೆ. ದಿನಾ ನೋಡುತ್ತಿದ್ದೆ, ತಲೆಗೆ ಹೋಗಿರಲಿಲ್ಲ. ಬೈಕಿನ ಹೆಲ್ಮೆಟ್ ಒಳಗಿನ ಥರ್ಮೋಕೋಲ್ ಕೊಡುವುದೂ ಇಷ್ಟನ್ನೇ, ನಿಲ್ಲಲು ಒಂದೆರಡು ಸೆಂಟಿಮೀಟರ್ ಜಾಗ. ಒಮ್ಮೆ ಅದು ಅಪ್ಪಚ್ಚಿಯಾದರೆ ಮತ್ತೆ ಉಬ್ಬುವುದಿಲ್ಲ. ಬಿದ್ದ ಹೆಲ್ಮೆಟ್ಟನ್ನೇ ತೊಳೆದು ಹಾಕಿಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಹಾಗಂತ ಮರದಿಂದ ಬಿದ್ದವರನ್ನು ಸುಮ್ನೆ ಬಿಡುವುದಿಲ್ಲ. ಎಲ್ಲರಿಗೂ ದರಗು ಸಿಗುವುದಿಲ್ಲ, ಕಲ್ಲೂ ಇರುತ್ತದೆ. ಕುತ್ತಿಗೆ, ಬೆನ್ನು ನೋವು ಅಂದರೆ ರಟ್ಟೆ ಹಿಡಿದು ಎಬ್ಬಿಸಲು ಯಾರಿಗೂ ಬಿಡುವುದಿಲ್ಲ.

ನನ್ನ ಪುಸ್ತಕದಲ್ಲಿ ಮೊದಲು "ಎಷ್ಟು ಎತ್ತರದಿಂದ" ಅಂತ ಮಾತ್ರ ಬರೆಯುತ್ತಿದ್ದೆ. ಈಗ ಪಕ್ಕದಲ್ಲಿ "ಯಾವುದರ ಮೇಲೆ" ಅಂತ ಇನ್ನೊಂದು ಗೆರೆ ಎಳೆದಿದ್ದೇನೆ. ಆ ಅಣ್ಣ ಈಗ ಮೂಟೆ ಹೊರುವುದಿಲ್ಲ, ಕಣದ ಕಾವಲಿಗೆ ಇದ್ದಾರೆ. ಕೈಯಲ್ಲಿ ಯಾವಾಗಲೂ ಪೊರಕೆ. ನಾನು ತೂಕದ ಚೀಟಿ ನೋಡುತ್ತಾ ಬಂದರೆ ದೂರದಿಂದಲೇ ಕೂಗುತ್ತಾರೆ, "ಅಲ್ಲೇ ನಿಲ್ಲಿ ರೈಟ್ರೇ, ಇನ್ನೂ ಗುಡಿಸಿಲ್ಲ!"